ಬೋರ್ಡಿನ ಮೇಲೆ ‘24 ಗಂಟೆ ಸೇವೆ’, ಶಟರ್ ಮಾತ್ರ ಕೆಳಗೆ. ನಿಮ್ಮ ಏರಿಯಾದ ಪ್ರಾಣಿ ಕ್ಲಿನಿಕ್ ಹೇಗಿದೆ?

ಗುಂಡನ ಮನೆ
ನಮಸ್ಕಾರ್ರೀ ಎಲ್ಲರಿಗೂ. ಇಲ್ಲಿ ವಿಜಯಪುರದವರು ಜಾಸ್ತಿ ಇದ್ದೀರಿ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಸಿಟ್ಟಿನಲ್ಲೇ ಇದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆ ಹತ್ತಿರ ಎರಡು ವರ್ಷದ ಹಿಂದೆ ಒಂದು ಪ್ರಾಣಿ ಕ್ಲಿನಿಕ್ ಶುರುವಾಯಿತು. ಹೆಸರು ಬೇಡ. ಬೋರ್ಡ್ ಓದುತ್ತಾ ನಿಂತರೆ ಚಹಾ ಆರಿಹೋಗುತ್ತದೆ, ಅಷ್ಟು ಉದ್ದ. ಲಸಿಕೆ, ಆಪರೇಷನ್, ಎಕ್ಸ್‌ರೇ, ಸ್ಕ್ಯಾನಿಂಗ್, ರಕ್ತ ತಪಾಸಣೆ, ಗ್ರೂಮಿಂಗ್, ಊರಿಗೆ ಹೋಗುವಾಗ ನಾಯಿ ಬಿಟ್ಟುಹೋಗಲು ಜಾಗ, ಕೊನೆಗೆ ಕೆಂಪಕ್ಷರದಲ್ಲಿ ‘24 ಗಂಟೆ ತುರ್ತು ಸೇವೆ’.

ಹೋದ ವಾರದ ಮಾತು. ಮೇ ತಿಂಗಳ ನಮ್ಮೂರ ಬಿಸಿಲು ಗೊತ್ತಲ್ಲ, ಮಧ್ಯಾಹ್ನ 42ರ ಹತ್ತಿರ. ಮನೆಗೆ ಪೇಂಟಿನವರು ಬಂದಿದ್ದರು. ಅವರಿಗೆ ಹೆದರಿಕೆ ಅಂತ ನಮ್ಮ ನಾಯಿ ಗುಂಡನನ್ನು ಮಾಳಿಗೆ ಮೇಲಿನ ತಗಡಿನ ಖೋಲಿಯಲ್ಲಿ ಕಟ್ಟಿ ಮರೆತುಬಿಟ್ಟೆವು. ತಪ್ಪು ನಮ್ಮದೇ, ಅದಕ್ಕೆ ಬೈಯುವವರು ಬೈಯಿರಿ. ಎರಡು ತಾಸಾದ ಮೇಲೆ ನೆನಪಾಗಿ ಓಡಿದರೆ ನಾಲಿಗೆ ಇಟ್ಟಂಗಿ ಬಣ್ಣಕ್ಕೆ ತಿರುಗಿದೆ, ಬಾಯಿಂದ ದಪ್ಪ ಜೊಲ್ಲು ದಾರದ ಹಾಗೆ ಇಳಿಯುತ್ತಿದೆ, ಎತ್ತಿ ನಿಲ್ಲಿಸಿದರೆ ಹಿಂಗಾಲು ಮಡಚಿ ಕೂತುಬಿಡುತ್ತಾನೆ.

34 ಕೆಜಿ ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋದೆ. ಶಟರ್ ಕೆಳಗೆ. ಬೋರ್ಡಿನ ನಂಬರಿಗೆ ಫೋನ್ ಮಾಡಿದರೆ ಕಾಂಪೌಂಡರ್ ಎತ್ತಿದ. “ಡಾಕ್ಟ್ರು ಊಟಕ್ಕ ಹೋಗ್ಯಾರ್ರೀ ಸರ, ಐದಕ್ಕ ಬರ್ತಾರ. ಅಲ್ಲೀತನಾ ಬರ್ಫ್ ಹಚ್ಚ್ರಿ.” ಇಷ್ಟೇ. ಆಮೇಲೆ ಆಟೋ ಹಿಡಿದು ಸರಕಾರಿ ದನದ ದವಾಖಾನಿಗೆ ಹೋದೆವು. ಅಲ್ಲಿ ಎಮ್ಮೆಗೆ ಸಲೈನ್ ಹಾಕುತ್ತಿದ್ದ ಡಾಕ್ಟರು ಅದನ್ನು ಬಿಟ್ಟು ಬಂದು ನೋಡಿದರು. ಗುಂಡ ಈಗ ಆರಾಮಿದ್ದಾನೆ, ಎರಡು ದಿನ ಉಣ್ಣಲಿಲ್ಲ ಅಷ್ಟೇ.

ನನ್ನ ಪ್ರಶ್ನೆ: ಓಣಿಯ ಒಂದು ಕ್ಲಿನಿಕ್ಕಿನಿಂದ ನಾವು ಏನನ್ನು ನಿರೀಕ್ಷೆ ಮಾಡಬಹುದು? ಬೋರ್ಡಿನಲ್ಲಿ ಬರೆದಿದ್ದೆಲ್ಲ ಒಳಗೆ ಇರುತ್ತದಾ? ನೀವೆಲ್ಲ ಹೇಗೆ ಪರೀಕ್ಷೆ ಮಾಡುತ್ತೀರಿ?

ಗುಮ್ಮಟದ ಪ್ರತಿಧ್ವನಿ
24 ಗಂಟೆ ಅಂದರೆ ಬೋರ್ಡು 24 ಗಂಟೆ ಅಲ್ಲೇ ಇರುತ್ತದೆ ಅಂತ ಅರ್ಥ ಅಣ್ಣಾ.

ಸ್ಟೇಷನ್ ರೋಡ್ ಬೆಕ್ಕು
ಗುಂಡ ಉಳಿದನಲ್ಲ, ಅದೇ ದೊಡ್ಡದು. ಆದರೆ ತಗಡಿನ ಖೋಲಿ?? ಇರಲಿ, ನೀವೇ ಒಪ್ಪಿಕೊಂಡಿದ್ದೀರಿ, ಮತ್ತೆ ಚುಚ್ಚುವುದಿಲ್ಲ.

ಬೀದರ್ ಹಾಸ್ಟೆಲ್
ನಾನು ಪಶುವೈದ್ಯ ಕಾಲೇಜಿನ ಕೊನೇ ವರ್ಷದಲ್ಲಿದ್ದೇನೆ, ಊರು ಇಂಡಿ. ಬಿಸಿಲು ಹೊಡೆತದ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಇನ್ನೂ ಬೇಸಿಗೆ ಮುಗಿದಿಲ್ಲ.

ಕ್ಲಿನಿಕ್ಕಿಗೆ ಓಡುವ ಮೊದಲೇ ತಂಪು ಮಾಡಲು ಶುರು ಮಾಡಬೇಕು. ದಾರಿಯಲ್ಲಿ ಕಳೆಯುವ ಆ ಹದಿನೈದು ನಿಮಿಷದಲ್ಲೇ ಒಳಗಿನ ಅಂಗಗಳಿಗೆ ಪೆಟ್ಟು ಬೀಳುವುದು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 105 ದಾಟಿದರೆ ಅಪಾಯ. ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಪಾದ ಎಲ್ಲ ತೋಯುವ ಹಾಗೆ ನೀರು ಸುರಿಯಿರಿ, ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಐದು ನಿಮಿಷಕ್ಕೆ ಬಿಸಿಯಾಗಿ ಕಂಬಳಿ ಹೊದಿಸಿದ ಹಾಗೆ ಆಗುತ್ತದೆ. ಪ್ರಜ್ಞೆ ಇಲ್ಲದ ನಾಯಿಗೆ ಬಾಯಲ್ಲಿ ನೀರು ಹಾಕಲೇಬೇಡಿ. ಬರ್ಫ್ ಹುಡುಕುತ್ತಾ ಕೂರುವ ಬದಲು ಮನೆಯ ತಣ್ಣೀರು ಸಾಕು.

ತಿಕೋಟಾ ದ್ರಾಕ್ಷಿ
ತಣ್ಣೀರು ಅಂದರೆ ಎಲ್ಲಿಂದ ತರುವುದು ತಮ್ಮಾ? ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟಾಕಿ ನೀರಲ್ಲಿ ಚಹಾ ಮಾಡಬಹುದು.

ಬೀದರ್ ಹಾಸ್ಟೆಲ್
ಒಳ್ಳೆ ಪ್ರಶ್ನೆ ಅಣ್ಣಾರ, ಇದನ್ನು ಪುಸ್ತಕದಲ್ಲಿ ಬರೆದಿರುವುದಿಲ್ಲ. ನೆಲದ ಟಾಕಿ ಅಥವಾ ಹರವಿಯ ನೀರು ತೆಗೆದುಕೊಳ್ಳಿ. ಪೈಪ್ ಹಿಡಿಯುವುದಾದರೆ ಮೊದಲು ನಿಮ್ಮ ಕೈ ಮೇಲೆ ಬಿಟ್ಟು ನೋಡಿ. ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ಮೊದಲ ನೀರು ಸುಡುತ್ತದೆ.

ಬಿಳಿ ಕೋಟು
ನಾನು ಬಾಗಲಕೋಟೆಯಲ್ಲಿ ಕ್ಲಿನಿಕ್ ನಡೆಸುವವನು. ಎಲ್ಲರೂ ಬೈಯುವ ಮೊದಲು ಈ ಕಡೆಯ ಮಾತೂ ಕೇಳಿ.

ಓಣಿಯ ಕ್ಲಿನಿಕ್ಕಿನಲ್ಲಿ ಡಾಕ್ಟರು ಒಬ್ಬನೇ ಇರುತ್ತಾನೆ. ಮುಂಜಾನೆ ಹತ್ತಕ್ಕೆ ಬಾಗಿಲು ತೆಗೆದರೆ ರಾತ್ರಿ ಒಂಬತ್ತು. ನಡುವೆ ಯಾರದೋ ಫಾರ್ಮ್‌ಗೆ ಕರೆ ಬಂದರೆ ಹೋಗಬೇಕು. ರಾತ್ರಿ ಎರಡಕ್ಕೆ ಫೋನ್ ಮಾಡಿ “ಸರ, ನಮ್ಮ ಟಾಮಿ ಬಿಕ್ಕಳಿಸಾಕತ್ತೇತಿ” ಅನ್ನುವವರು ಇದ್ದಾರೆ, ಸುಳ್ಳಲ್ಲ. ಅದೇ ಜನ ಎಕ್ಸ್‌ರೇ ಮಷೀನು ಯಾಕಿಲ್ಲ ಅಂತಾರೆ, ಫೀಸು 300 ಅಂದರೆ “ಬರೇ ಮುಟ್ಟಿ ನೋಡಿದ್ದಕ್ಕ ಮುನ್ನೂರಾ?” ಅಂತಾರೆ.

ಗುಂಡನ ಮನೆ
ಡಾಕ್ಟರೇ, ನೀವು ಊಟ ಮಾಡಬೇಡಿ ಅಂತ ಯಾರೂ ಹೇಳಿಲ್ಲ. ಊಟಕ್ಕೆ ಹೋಗುತ್ತೇವೆ ಅಂತ ಬೋರ್ಡಿನಲ್ಲಿ ಬರೆಯಿರಿ. ‘ಮಧ್ಯಾಹ್ನ 2ರಿಂದ 5 ಬಂದ್, ಅರ್ಜೆಂಟ್ ಇದ್ದರೆ ಇಂಥಲ್ಲಿಗೆ ಹೋಗಿ’ ಅಂತ ಒಂದು ಸಾಲು. ನಾನು ಶಟರ್ ಮುಂದೆ ಕಳೆದ ಇಪ್ಪತ್ತು ನಿಮಿಷ ಉಳಿಯುತ್ತಿತ್ತು.

ಬಿಳಿ ಕೋಟು
ಈ ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ಒಪ್ಪಿದೆ.

ಸುಮ್ನೆ ಓದುವವ
ಇಲ್ಲಿ ಒಬ್ಬರು ‘ಒಪ್ಪಿದೆ’ ಅಂದಿದ್ದನ್ನು ಮೊದಲ ಸಲ ನೋಡುತ್ತಿದ್ದೇನೆ.

ಮಾಸ್ತರ ಮನೆ
ಎಕ್ಸ್‌ರೇ ಅಂದಿದ್ದಕ್ಕೆ ನೆನಪಾಯಿತು. ನಮ್ಮ ನಾಯಿ ಕಾಲು ಮುರಿದುಕೊಂಡಾಗ ಒಂದು ಕ್ಲಿನಿಕ್ಕಿಗೆ ಹೋದೆವು, ಬೋರ್ಡಿನಲ್ಲಿ ಎಕ್ಸ್‌ರೇ ಇತ್ತು, ಒಳಗೆ ಇರಲಿಲ್ಲ. “ಬರೆದು ಕೊಡ್ತೀನಿ, ಹೊರಗ ತೆಗಿಸ್ಕೊಂಡ್ ಬರ್ರಿ” ಅಂದರು. ಹೊರಗೆ ಅಂದರೆ ಮನುಷ್ಯರ ಎಕ್ಸ್‌ರೇ ಅಂಗಡಿ! ಆತ ನಮ್ಮ ಹಳೇ ವಿದ್ಯಾರ್ಥಿ, ಇಲ್ಲ ಅನ್ನಲಾಗಲಿಲ್ಲ ಅವನಿಗೆ. ರಾತ್ರಿ ಒಂಬತ್ತೂವರೆಗೆ ಎಲ್ಲ ಪೇಷಂಟ್ ಹೋದ ಮೇಲೆ ಹಿಂಬಾಗಿಲಿಂದ ಬರಹೇಳಿದ. ಲಕೋಟೆ ಮೇಲೆ ಏನು ಬರೆಯಬೇಕು ಅಂತ ತೋಚದೆ ‘ಟಾಮಿ, ಗಂಡು, 6 ವರ್ಷ’ ಅಂತ ಬರೆದು ಕೊಟ್ಟ. ಆ ಲಕೋಟೆ ಇನ್ನೂ ನಮ್ಮ ಕಪಾಟಿನಲ್ಲಿದೆ. ಮೊನ್ನೆ ಬಂದ ಬೀಗರು ತೆಗೆದು ನೋಡಿ “ಮೊಮ್ಮಗನ ಕಾಲಿಗೆ ಏನಾಗಿತ್ತ್ರೀ?” ಅಂತ ಕೇಳಿದರು.

ಗುಮ್ಮಟದ ಪ್ರತಿಧ್ವನಿ
😂😂 ಬಾಲದ ಎಕ್ಸ್‌ರೇ ಕಾಣಿಸಲಿಲ್ಲವೇ ಬೀಗರಿಗೆ?

ಹಾಲಿನ ಲೆಕ್ಕ
ನೀವೆಲ್ಲ ನಾಯಿ ಬೆಕ್ಕು ಅಂತ ಕೂತಿದ್ದೀರಿ. ಊರೊಳಗೆ ಎಮ್ಮೆ ಕಟ್ಟಿದವರು ನಾವೂ ಇದ್ದೇವೆ. ನಮ್ಮ ಓಣಿಯಲ್ಲೂ ಹೊಸ ಕ್ಲಿನಿಕ್ ಆಯಿತು, ಖುಷಿಯಿಂದ ಹೋದೆ, “ಅಕ್ಕಾರ, ನಾವು ದೊಡ್ಡ ಪ್ರಾಣಿ ನೋಡೂದಿಲ್ಲ” ಅಂದರು. ಪಶು ಚಿಕಿತ್ಸಾಲಯ ಅಂತ ಬರೆದಿದ್ದೀರಿ, ಪಶು ಅಂದರೆ ಎಮ್ಮೆ ಅಲ್ಲವೇನ್ರೀ?

ನನಗೆ ಸರಕಾರಿ ದವಾಖಾನಿಯೇ ಸರಿ. ಕಿವಿಗೆ 12 ಅಂಕಿಯ ಓಲೆ ಹಾಕುತ್ತಾರೆ, ಆರು ತಿಂಗಳಿಗೊಮ್ಮೆ ಕಾಲುಬಾಯಿ ಬೇನೆಗೆ ಪುಕ್ಕಟೆ ಲಸಿಕೆ ಹಾಕುತ್ತಾರೆ, ಮಳೆಗಾಲಕ್ಕೆ ಮೊದಲು ಗಂಟಲು ಊದುವ ಗಳಲೆ ಬೇನೆಗೆ ಹಾಕುತ್ತಾರೆ. ಗಬ್ಬದ ಇಂಜೆಕ್ಷನ್ನೂ ಅಲ್ಲೇ. ಎಮ್ಮೆ ಬೆದೆಗೆ ಬಂದಿದ್ದು ಆಕಳ ಹಾಗೆ ಕೂಗಿ ಹೇಳುವುದಿಲ್ಲ, ಗುಟ್ಟಾಗಿ ಬಂದು ಹೋಗಿಬಿಡುತ್ತದೆ. ಮುಂಜಾನೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಕೊಡಿಸಬೇಕು ಅಂತ ಅಲ್ಲಿನ ಡಾಕ್ಟರೇ ಕಲಿಸಿದ್ದು. ಒಂದು ಸಲ ತಪ್ಪಿದರೆ ಮೂರು ವಾರದ ಹಾಲಿನ ಲೆಕ್ಕ ಹೋಯಿತು.

ಬಿಳಿಜೋಳ
ಅಕ್ಕಾರ ಹೇಳಿದ್ದು ಬರೋಬ್ಬರಿ. ನಾನೂ ಒಂದು ಹೇಳುತ್ತೇನೆ, ಉದ್ದ ಆದರೆ ಬೇಜಾರಾಗಬೇಡಿ.

ನಮ್ಮದು ಬಬಲೇಶ್ವರ ಕಡೆ. ಹಿಂದೊಂದು ವರ್ಷ ಜೋಳ ಕೊಯ್ದ ಹೊಲದಲ್ಲಿ ಕುಳೆ ಚಿಗುರಿತ್ತು, ಮೊಳಕೈ ಎತ್ತರ, ಕರಿಹಸಿರು. ನಡುವೆ ಮಳೆ ಹೋಗಿ ಸ್ವಲ್ಪ ಬಾಡಿತ್ತು. ಖಿಲಾರಿ ಎತ್ತು ಎರಡು, ಕಣ್ಣಿ ಹರಿದುಕೊಂಡು ನುಗ್ಗಿ ಮೇಯ್ದವು. ಕಾಲು ತಾಸು ಆಗಿರಬಹುದು. ಒಂದು ಅಲ್ಲೇ ತೂರಾಡಿ ಬಿತ್ತು. ಬಾಯಲ್ಲಿ ನೊರೆ, ಉಸಿರು ತಿದಿ ಒತ್ತಿದ ಹಾಗೆ. ಹೊಟ್ಟೆ ಉಬ್ಬರ ಅಂತ ತಿಳಿದು ನಮ್ಮ ಕಾಕಾ ಎಣ್ಣೆ ಕುಡಿಸಲು ಹೋದ. ನಮ್ಮ ಭಾಗದ ಡಾಕ್ಟರು ಬೈಕ್ ಮೇಲೆ ಬರುವುದರೊಳಗೆ ಅದು ಹೋಗಿಬಿಟ್ಟಿತ್ತು. ಎರಡನೆಯದಕ್ಕೆ ನರಕ್ಕೆ ಎರಡು ಔಷಧ ಒಂದರ ಹಿಂದೊಂದು ಕೊಟ್ಟರು. ನಾನು ಕೊರಳು ಹಿಡಿದು ಕೂತಿದ್ದೆ. ಸೂಜಿ ಚುಚ್ಚಿದಲ್ಲಿ ಬಂದ ರಕ್ತ ಕುಂಕುಮದ ಹಾಗೆ ಕೆಂಪಗೆ ಇತ್ತು, ಅಂಥ ರಕ್ತ ಅದಕ್ಕೆ ಮೊದಲು ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಎತ್ತು ಕಿವಿ ಅಲ್ಲಾಡಿಸಿತು, ಆಮೇಲೆ ಎದ್ದು ನಿಂತಿತು.

ಆ ಡಾಕ್ಟರ ಚೀಲದಲ್ಲಿ ಆ ಎರಡು ಬಾಟಲಿ ಇದ್ದವು, ಅದಕ್ಕೇ ಒಂದಾದರೂ ಉಳಿಯಿತು. ಅವರ ಹತ್ತಿರ ಬೋರ್ಡೂ ಇರಲಿಲ್ಲ, ಎಸಿ ಖೋಲಿಯೂ ಇರಲಿಲ್ಲ.

ಬೀದರ್ ಹಾಸ್ಟೆಲ್
ಅಣ್ಣಾರ, ಆ ಎರಡು ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಇರಬೇಕು. ಎಳೇ ಜೋಳದಲ್ಲಿ, ಅದರಲ್ಲೂ ಬಾಡಿದ ಎಳೇ ಜೋಳ ಮತ್ತು ಕುಳೆಯಲ್ಲಿ ಸೈನೈಡ್ ಅಂಶ ಜಾಸ್ತಿ. ರಕ್ತದಲ್ಲಿ ಆಮ್ಲಜನಕ ಇದ್ದರೂ ಮೈಯ ಜೀವಕೋಶಗಳು ಅದನ್ನು ಬಳಸಲು ಆಗುವುದಿಲ್ಲ, ಅದಕ್ಕೇ ರಕ್ತ ಅಷ್ಟು ಕೆಂಪಗೆ ಕಾಣುವುದು. ಹೂ ಬಿಟ್ಟ ಮೇಲೆ ವಿಷ ಕಡಿಮೆಯಾಗುತ್ತದೆ, ಚೆನ್ನಾಗಿ ಒಣಗಿದ ಕಣಿಕೆಗೆ ಭಯ ಇಲ್ಲ.

ಹಳ್ಳಿಯವರಿಗೆ ಇನ್ನೊಂದು ಮಾತು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ, ಪುಕ್ಕಟೆ ಕರೆ. ನಂಬರ್ ದನದ ಮನೆ ಗೋಡೆ ಮೇಲೆ ಇದ್ದಲಿಯಲ್ಲಿ ಬರೆದಿಡಿ. ಮೊಬೈಲ್ ಯಾವಾಗಲೂ ಬೇಕಾದಾಗಲೇ ಆಫ್ ಆಗಿರುತ್ತದೆ.

ತಿಕೋಟಾ ದ್ರಾಕ್ಷಿ
ನಮ್ಮಲ್ಲಿಗೆ 1962 ಗಾಡಿ ಬಂದಿತ್ತು, ಲೇಟಾಗಿ ಬಂತು, ಆದರೆ ಬಂತು.

ಸ್ಟೇಷನ್ ರೋಡ್ ಬೆಕ್ಕು
ಸರಿ, ಎಲ್ಲರೂ ಎಮ್ಮೆ ಎತ್ತು ಅಂದಿರಿ, ನಾಯಿ ಅಂದಿರಿ. ಬೆಕ್ಕಿನ ಕಥೆ ಕೇಳುವವರೇ ಇಲ್ಲ. ನಾನು ಮೂರು ಕ್ಲಿನಿಕ್ ಸುತ್ತಿದ್ದೇನೆ. ಒಂದರಲ್ಲಿ ಬೆಕ್ಕು ಹಿಡಿಯಲು ಬರದೆ ಕಾಂಪೌಂಡರ್ ಓಡಿಹೋದ.

ನನ್ನ ತಂಗಿ ಮಾಡಿದ ತಪ್ಪು ಹೇಳುತ್ತೇನೆ, ಇನ್ನೊಬ್ಬರು ಮಾಡದಿರಲಿ. ಬೆಕ್ಕಿಗೆ ಜ್ವರ ಬಂದಿದೆ ಅಂತ ಅರ್ಧ ಪ್ಯಾರಾಸಿಟಮಾಲ್ ಗುಳಿಗೆಯನ್ನು ಹಾಲಿನಲ್ಲಿ ಕಲಸಿ ಕೊಟ್ಟಳು. ಚಿಕ್ಕ ಮಕ್ಕಳಿಗೇ ಕೊಡುತ್ತಾರೆ, ಬೆಕ್ಕಿಗೆ ಏನಾಗುತ್ತದೆ ಅಂತ. ನಾಲ್ಕೈದು ತಾಸಿಗೆ ಮುಖ ಊದಿಕೊಂಡಿತು, ವಸಡು ಕಾಫಿ ಬಣ್ಣಕ್ಕೆ ತಿರುಗಿತು. ಬೆಕ್ಕಿನ ಲಿವರ್‌ಗೆ ಆ ಔಷಧ ಅರಗಿಸುವ ಶಕ್ತಿಯೇ ಇಲ್ಲವಂತೆ, ಅರ್ಧ ಗುಳಿಗೆ ಸಾಕು ಕೊಲ್ಲಲು. ಕ್ಲಿನಿಕ್ಕಿನ ಮೇಡಂ ಮೊದಲು ಕೇಳಿದ್ದೇ “ಮನ್ಯಾಗ ಏನರ ಗುಳಗಿ ಕೊಟ್ಟೀರೇನ?” ಅಂತ. ತಂಗಿ ಮೊದಲು ಇಲ್ಲ ಅಂದಳು. ಎರಡನೇ ಸಲ ಕೇಳಿದಾಗ ಅತ್ತಳು. ಮೇಡಂ ಬೈಯಲಿಲ್ಲ, ಯಾವ ಹೊತ್ತಿಗೆ ಎಷ್ಟು ಅಂತ ಮಾತ್ರ ಕೇಳಿದರು. ಬೆಕ್ಕು ಉಳಿಯಿತು. ಅವರ ಬೋರ್ಡಿನಲ್ಲಿ ಲಸಿಕೆ ಮತ್ತು ಚಿಕಿತ್ಸೆ ಅಂತ ಎರಡೇ ಪದ ಇವೆ ನೋಡಿ.

ಬಿಳಿ ಕೋಟು
ದಯವಿಟ್ಟು ಎಲ್ಲರೂ ಇದನ್ನು ಓದಿ. ಮುಚ್ಚಿಡಬೇಡಿ. ನಮಗೆ ಬೈಯಲು ಟೈಮ್ ಇರುವುದಿಲ್ಲ. ಮನುಷ್ಯರ ನೋವಿನ ಗುಳಿಗೆ ನಾಯಿಗೂ ಕೊಡಬೇಡಿ, ಐಬುಪ್ರೊಫೆನ್ ಕೊಟ್ಟು ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಕಾರುತ್ತಾ ಬಂದ ನಾಯಿಗಳನ್ನು ನೋಡಿದ್ದೇನೆ. ದನಕ್ಕೆ ಡೈಕ್ಲೊಫಿನಾಕ್ ಅಂತೂ 2006ರಿಂದ ಬಂದ್. ಆ ಔಷಧ ಕೊಟ್ಟ ದನ ಸತ್ತ ಮೇಲೆ ಅದನ್ನು ತಿಂದ ರಣಹದ್ದುಗಳೇ ಸತ್ತು ಮುಗಿದವು.

ಮಾಸ್ತರ ಮನೆ
ಹೌದು ರೀ, ನಮ್ಮ ಸಣ್ಣಂದಿನಲ್ಲಿ ಊರ ಹೊರಗೆ ಹದ್ದುಗಳ ಸಂತೆಯೇ ಇರುತ್ತಿತ್ತು. ಈಗ ಒಂದೂ ಇಲ್ಲ.

ಜಲನಗರ ಪಪ್ಪಿ
ಹೊಸಬಳು. ಒಂದೂವರೆ ತಿಂಗಳ ಮರಿ ತಂದಿದ್ದೇನೆ. ಕ್ಲಿನಿಕ್ಕಿನಲ್ಲಿ ಲಸಿಕೆಗೆ ನಾಲ್ಕು ಸಲ ಬರಬೇಕು ಅಂದರು. ನಾಲ್ಕು ಸಲ ದುಡ್ಡು ಕೀಳಲು ಅಂತ ನಮ್ಮ ಮಾವನವರು ಹೇಳುತ್ತಾರೆ. ನಿಜವಾ?

ಬೀದರ್ ಹಾಸ್ಟೆಲ್
ಅಲ್ಲ ಅಕ್ಕಾ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವ ತನಕ ಲಸಿಕೆಯನ್ನು ಅದು ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಯಾವ ಮರಿಗೆ ಯಾವಾಗ ಇಳಿಯುತ್ತದೆ ಅಂತ ಹೇಳಲಾಗದು. ಅದಕ್ಕೆ ಆರರಿಂದ ಎಂಟು ವಾರಕ್ಕೆ ಶುರು ಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದ ತನಕ ಹಾಕುವುದು. ಪಾರ್ವೊ, ಡಿಸ್ಟೆಂಪರ್ ಅನ್ನುವ ಮಾರಕ ರೋಗಗಳ ಲಸಿಕೆ ಎಲ್ಲ ಅದರಲ್ಲೇ ಬರುತ್ತವೆ. ರೇಬಿಸ್ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ.

ಇನ್ನೊಂದು. ಲಸಿಕೆ ಮುಗಿಯುವ ತನಕ ಕ್ಲಿನಿಕ್ಕಿನಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ, ತೊಡೆ ಮೇಲೇ ಇಟ್ಟುಕೊಳ್ಳಿ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ನಿಮ್ಮ ಮುಂದೆ ಕೂತವರ ನಾಯಿಗೆ ಏನಿತ್ತೋ ಯಾರಿಗೆ ಗೊತ್ತು.

ಸ್ಟೇಷನ್ ರೋಡ್ ಬೆಕ್ಕು
ಲಸಿಕೆ ಹಾಕುವಾಗ ಅವರು ಬಾಟಲಿಯನ್ನು ಎಲ್ಲಿಂದ ತೆಗೆಯುತ್ತಾರೆ ನೋಡಿ. ಫ್ರಿಜ್‌ನಿಂದ ತೆಗೆಯಬೇಕು, ಟೇಬಲ್ ಡ್ರಾದಿಂದ ಅಲ್ಲ. 2ರಿಂದ 8 ಡಿಗ್ರಿ ಒಳಗೆ ಇರಬೇಕು ಅದು. ನಮ್ಮೂರ ಬೇಸಿಗೆಯಲ್ಲಿ ಕರೆಂಟ್ ಹೋದಾಗ ಏನು ಮಾಡುತ್ತೀರಿ ಅಂತ ನಾನು ಕೇಳಿಯೇಬಿಟ್ಟೆ. ಆ ಮೇಡಂ ಸಿಟ್ಟಾಗಲಿಲ್ಲ, ಫ್ರಿಜ್ ಬಾಗಿಲು ತೆಗೆದು ಒಳಗಿಟ್ಟ ಥರ್ಮಾಮೀಟರ್ ತೋರಿಸಿದರು, ಇನ್ವರ್ಟರ್ ತೋರಿಸಿದರು. ಬಾಟಲಿ ಮೇಲಿನ ಸ್ಟಿಕರ್ ಕಿತ್ತು ಕಾರ್ಡಿಗೆ ಅಂಟಿಸಿ ಸಹಿ ಮಾಡಿಸಿಕೊಳ್ಳಿ. ಕಾರ್ಡ್ ಇಲ್ಲದ ಲಸಿಕೆ ಲೆಕ್ಕಕ್ಕಿಲ್ಲ.

ಜಲನಗರ ಪಪ್ಪಿ
ಥ್ಯಾಂಕ್ಸ್. ಮಾವನವರಿಗೆ ಓದಿ ಹೇಳಿದೆ. “ಫ್ರಿಜ್ ನೋಡ್ಕೊಂಡ್ ಬರ್ತೀನಿ, ನಾನೂ ಬರ್ತೀನಿ ನಡಿ” ಅಂತ ಈಗ ಅವರೇ ಹೊರಟಿದ್ದಾರೆ.

ಗುಮ್ಮಟದ ಪ್ರತಿಧ್ವನಿ
ಕ್ಲಿನಿಕ್ಕಿನವರ ಕಥೆ ಮುಗಿಯಿತು.

ಮುಧೋಳ ಓಟ
ನಾಯಿ ಮಾತು ಬಂದ ಮೇಲೆ ನಾವು ಸುಮ್ಮನಿರಲು ಆಗುತ್ತದಾ? ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿ ಬಂದಿದೆ, ತಿಮ್ಮಾಪುರದಲ್ಲಿ ಅದಕ್ಕೇ ಅಂತ ಸಂಶೋಧನಾ ಕೇಂದ್ರ ಇದೆ. ಆದರೂ ಸಿಟಿಯ ಕ್ಲಿನಿಕ್ಕಿಗೆ ಹೋದರೆ “ಎಷ್ಟು ಸೊರಗಿದೆ, ಊಟ ಹಾಕುವುದಿಲ್ಲವೇ?” ಅಂತ ಕೇಳುತ್ತಾರೆ! ಅದರ ಮೈಕಟ್ಟೇ ಹಾಗೆ, ಪಕ್ಕೆ ಎಲುಬು ಕಾಣಬೇಕು. ನನ್ನ ನಾಯಿಗೆ ಗಾಯ ಹೊಲಿಯಲು ಮಂಪರು ಕೊಟ್ಟವರು ಮೂರು ತಾಸು ಅಂದರು, ಮರುದಿನ ಮುಂಜಾನೆ ತನಕ ಎಚ್ಚರಾಗಲಿಲ್ಲ. ಇಡೀ ರಾತ್ರಿ ನಾನು ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂತಿದ್ದೆ.

ಬಿಳಿ ಕೋಟು
ಓಟದ ಜಾತಿಯ ನಾಯಿಗಳಲ್ಲಿ ಕೊಬ್ಬು ಕಡಿಮೆ. ಥಯೋಪೆಂಟೋನ್‌ನಂಥ ಕೆಲವು ಅರಿವಳಿಕೆ ಔಷಧಗಳು ಅವುಗಳ ಮೈಯಿಂದ ಬೇಗ ಇಳಿಯುವುದಿಲ್ಲ. ಬೇರೆ ಔಷಧ ಇವೆ, ಅವನ್ನು ಬಳಸಬೇಕು. ಆಪರೇಷನ್‌ಗೆ ಮೊದಲು “ಇದು ಮುಧೋಳ” ಅಂತ ನೀವೇ ಬಾಯಿಬಿಟ್ಟು ಹೇಳಿ, ಕೊನೆಯ ಊಟ ಎಷ್ಟೊತ್ತಿಗೆ ಆಯಿತು ಅಂತಲೂ ಹೇಳಿ. ಎಚ್ಚರಾಗುವ ಮೊದಲೇ ಮನೆಗೆ ಕಳಿಸಿದರೆ ಒಪ್ಪಬೇಡಿ. ಇದನ್ನು ಒಬ್ಬ ಡಾಕ್ಟರಾಗಿಯೇ ಹೇಳುತ್ತಿದ್ದೇನೆ.

ಹಾಲಿನ ಲೆಕ್ಕ
ನಮ್ಮ ಓಣಿಯಲ್ಲಿ ಒಬ್ಬ ಇದ್ದಾನೆ, ಹಿಂದೆ ಯಾವುದೋ ದವಾಖಾನಿಯಲ್ಲಿ ಕಸ ಗುಡಿಸುತ್ತಿದ್ದ, ಈಗ ಬ್ಯಾಗ್ ಹಾಕಿಕೊಂಡು ಮನೆ ಮನೆಗೆ ಹೋಗಿ ಇಂಜೆಕ್ಷನ್ ಮಾಡುತ್ತಾನೆ. ಎಲ್ಲದಕ್ಕೂ ಒಂದೇ ಇಂಜೆಕ್ಷನ್. ಎಲ್ಲರೂ ಅವನಿಗೆ ಡಾಕ್ಟರ್ರೇ ಅಂತಾರೆ.

ಬೀದರ್ ಹಾಸ್ಟೆಲ್
ನಾವು ಐದೂವರೆ ವರ್ಷ ಓದಿ, ರಿಜಿಸ್ಟರ್ ಮಾಡಿಸಿಕೊಂಡ ಮೇಲೆಯೇ ಚಿಕಿತ್ಸೆ ಮಾಡಲು ಬರುವುದು. ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆ 1984ರಿಂದಲೇ ಇದೆ. ಚೀಟಿಯ ಮೇಲೆ ರಿಜಿಸ್ಟ್ರೇಷನ್ ನಂಬರ್ ಇದೆಯಾ ನೋಡಿ. ಕೇಳಿದರೆ ತಪ್ಪಿಲ್ಲ.

ತಿಕೋಟಾ ದ್ರಾಕ್ಷಿ
ನಂಬರ್ ಇದ್ದವರು ರಾತ್ರಿ ಬರುವುದಿಲ್ಲ ತಮ್ಮಾ, ನಂಬರ್ ಇಲ್ಲದವನು ಬರುತ್ತಾನೆ. ಜನ ಅವನನ್ನು ಸುಮ್ನೆ ಕರೆಯುವುದಿಲ್ಲ.

ಬೀದರ್ ಹಾಸ್ಟೆಲ್
ಬಂದು ತಪ್ಪು ಔಷಧ ಕೊಡುವುದಕ್ಕಿಂತ ಬರದೇ ಇರುವುದು ವಾಸಿ ಅಲ್ವಾ ಅಣ್ಣಾರ?

ತಿಕೋಟಾ ದ್ರಾಕ್ಷಿ
ನಿಮ್ಮ ಎಮ್ಮೆ ರಾತ್ರಿ ಈಯಲು ಬಂದು ಕರುವಿನ ಕಾಲು ಅಡ್ಡ ಆದಾಗ ಈ ಮಾತು ಹೇಳಿ ನೋಡೋಣ.

ಬಿಳಿ ಕೋಟು
ಇಬ್ಬರದೂ ನಿಜ. ಜಗಳ ನಾಳೆಗೆ ಇಟ್ಟುಕೊಳ್ಳಿ.

ಅಡಕೆ ಚೀಲ
ನಮ್ಮ ರಾಣಿ (ಹೆಣ್ಣು ನಾಯಿ, 8 ವರ್ಷ) ಬಗ್ಗೆ ಹೇಳಲೇಬೇಕು. ಆಪರೇಷನ್ ಮಾಡಿಸಿ ಅಂತ ಡಾಕ್ಟರು ಆರು ತಿಂಗಳ ಮರಿ ಇದ್ದಾಗಿನಿಂದ ಹೇಳುತ್ತಿದ್ದರು. ನಮ್ಮ ಅವ್ವ “ಹೆಣ್ಣು ಜೀವಕ್ಕ ಕತ್ತಿ ಹಾಕಬ್ಯಾಡ್ರಿ” ಅಂತ ಬಿಡಲಿಲ್ಲ. ಹೋದ ದೀಪಾವಳಿ ಸುಮಾರಿಗೆ ಬೆದೆ ಮುಗಿದು ಒಂದು ತಿಂಗಳಾಗಿತ್ತು, ರಾಣಿ ಬಕೆಟ್‌ಗಟ್ಟಲೆ ನೀರು ಕುಡಿಯಲು ಶುರು ಮಾಡಿದಳು. ಊಟ ಬಿಟ್ಟಳು. ಹೊಟ್ಟೆ ದಪ್ಪ. ಮರಿ ಇರಬೇಕು ಅಂತ ಅವ್ವ ಖಾರ ಇಲ್ಲದ ಜೋಳದ ನುಚ್ಚು ಬೇಯಿಸಿ ಬಸುರಿ ಉಪಚಾರ ಮಾಡಿದಳು!

ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡಿದರೆ ಮರಿ ಇಲ್ಲ, ಗರ್ಭಕೋಶದ ತುಂಬ ಕೀವು. ಆ ಡಾಕ್ಟರು ಒಂದು ಒಳ್ಳೇ ಕೆಲಸ ಮಾಡಿದರು. “ಇದು ನನ್ನ ಕಡೆ ಆಗೂದಿಲ್ಲ, ನನ್ನ ಹತ್ರ ಆಕ್ಸಿಜನ್ ಇಲ್ಲ, ಬೆಳಗಾವಿಗೆ ಹೋಗ್ರಿ, ಈಗ ಹೋಗ್ರಿ” ಅಂತ ನೇರ ಹೇಳಿ ಅಲ್ಲಿಗೆ ಫೋನೂ ಮಾಡಿದರು. ನಮ್ಮಿಂದ ಸ್ಕ್ಯಾನಿನ ದುಡ್ಡು ಮಾತ್ರ ತೆಗೆದುಕೊಂಡರು. ರಾತ್ರಿಯೇ ಕಾರು ಮಾಡಿಕೊಂಡು ಹೋದೆವು. ತೆಗೆದ ಗರ್ಭಕೋಶವನ್ನು ಟ್ರೇಯಲ್ಲಿ ತೋರಿಸಿದರು, ನಮ್ಮ ಮುಂಗೈ ದಪ್ಪ ಇತ್ತು. ರಾಣಿ ಈಗ ಅವ್ವನ ಹಾಸಿಗೆ ಕೆಳಗೇ ಮಲಗುತ್ತಾಳೆ. ಮೊನ್ನೆ ಪಕ್ಕದ ಮನೆಯವರು ಹೆಣ್ಣು ಮರಿ ತಂದರೆ ಅವ್ವನೇ ಹೋಗಿ “ಮೊದಲ ಆಪರೇಷನ್ ಮಾಡಿಸ್ರಿ” ಅಂದು ಬಂದಳು.

ಗುಂಡನ ಮನೆ
“ಇದು ನನ್ನ ಕಡೆ ಆಗೂದಿಲ್ಲ.” ಈ ಒಂದು ಮಾತು ಹೇಳುವ ಡಾಕ್ಟರು ಸಿಕ್ಕರೆ ನನಗೆ ಸಾಕು. ಗ್ರೂಮಿಂಗ್ ಯಾರಿಗೆ ಬೇಕು, ನಾನೇ ಬಾವಿ ಕಟ್ಟೆ ಮೇಲೆ ತೊಳೆಯುತ್ತೇನೆ.

ಸ್ಟೇಷನ್ ರೋಡ್ ಬೆಕ್ಕು
ಗ್ರೂಮಿಂಗ್ ಅನ್ನು ಹಾಗೆ ಜರಿಯಬೇಡಿ. ನಮ್ಮ ಪಕ್ಕದ ಮನೆಯ ಉದ್ದಕೂದಲಿನ ನಾಯಿಯ ಉಗುರು ಬೆಳೆದು ಪಾದದೊಳಗೆ ಹೊಕ್ಕಿತ್ತು. ಕೂದಲು ಕತ್ತರಿಸುವಾಗಲೇ ಗೊತ್ತಾಗಿದ್ದು. ಕಿವಿಯೊಳಗೆ ಉಣ್ಣೆ ಹುಳದ ಗೂಡೇ ಇತ್ತಂತೆ.

ಮುಧೋಳ ಓಟ
ನಮ್ಮೂರ ಬಿಸಿಲಿಗೆ ಅಂಥ ಉದ್ದಕೂದಲಿನ ನಾಯಿ ತರುವುದೇ ತಪ್ಪು. ಮುಧೋಳ ಸಾಕಿ.

ಸುಮ್ನೆ ಓದುವವ
ಇದಕ್ಕೇ ಕಾಯುತ್ತಿದ್ದೆ, ಬಂತು.

ಪೇಟೆ ಪೋರ
ಬೀದಿ ನಾಯಿ ನಮ್ಮ ನಾಯಿಗೆ ಕಚ್ಚಿದೆ. ನಮ್ಮದಕ್ಕೆ ರೇಬಿಸ್ ಲಸಿಕೆ ಆಗಿದೆ, ಆದರೂ ಕ್ಲಿನಿಕ್ಕಿನವರು ಮತ್ತೆ ಹಾಕಬೇಕು ಅಂತಾರೆ. ಗಾಯಕ್ಕೆ ಅಜ್ಜಿ ಖಾರದಪುಡಿ ಮತ್ತು ಸುಣ್ಣ ಹಚ್ಚಿದ್ದಾರೆ.

ಬಿಳಿ ಕೋಟು
ಮೊದಲು ಆ ಖಾರದಪುಡಿ ತೊಳೆಯಿರಿ! ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ. ಗಡಿಯಾರ ನೋಡಿ ತೊಳೆಯಿರಿ, ಹದಿನೈದು ನಿಮಿಷ ಅಂದರೆ ನಿಮಗೆ ಅನ್ನಿಸುವುದಕ್ಕಿಂತ ಬಹಳ ಜಾಸ್ತಿ. ತೊಳೆಯುವವರು ಕೈಗವಸು ಹಾಕಿಕೊಳ್ಳಿ. ಲಸಿಕೆ ಆದ ನಾಯಿಗೂ ಕಚ್ಚಿದ ಮೇಲೆ ಮತ್ತೆ ಹಾಕುವುದು ಸರಿಯೇ, ಅವರು ಮೋಸ ಮಾಡುತ್ತಿಲ್ಲ. ಲಸಿಕೆಯೇ ಆಗದ ನಾಯಿಗಾದರೆ 0, 3, 7, 14, 28ನೇ ದಿನ ಅಂತ ಐದು ಬೇಕಾಗುತ್ತದೆ. ಗಾಯ ಬರಿಗೈಯಲ್ಲಿ ಮುಟ್ಟಿದ ಅಜ್ಜಿಯನ್ನೂ, ಮನೆಯಲ್ಲಿ ಇನ್ಯಾರಾದರೂ ಮುಟ್ಟಿದ್ದರೆ ಅವರನ್ನೂ ಇವತ್ತೇ ಮನುಷ್ಯರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾಳೆ ಅಲ್ಲ.

ಪೇಟೆ ಪೋರ
ಹೊರಟೆವು. ಅಜ್ಜಿ ಬರಲ್ಲ ಅಂತ ಕೂತಿದ್ದಾರೆ, ಎತ್ತಿಕೊಂಡು ಹೋಗುತ್ತೇವೆ.

ಅಡಕೆ ಚೀಲ
ಪ್ರತಿ ವರ್ಷ ಸೆಪ್ಟೆಂಬರ್ 28, ರೇಬಿಸ್ ದಿನ. ಆಗ ಪಶುಪಾಲನಾ ಇಲಾಖೆಯವರು ನಾಯಿಗಳಿಗೆ ಪುಕ್ಕಟೆ ಲಸಿಕೆ ಹಾಕುತ್ತಾರೆ, ಹೋದ ಸಲ ನಾವು ಹಾಕಿಸಿದ್ದೆವು. ದುಡ್ಡಿನ ತೊಂದರೆ ಇದ್ದವರು ನೆನಪಿಡಿ.

ಗಿಣಿ ಪಂಜರ
ಎಲ್ಲರಿಗೂ ನಮಸ್ತೆ. ನಮ್ಮ ಮನೆ ಗಿಣಿ ಪುಕ್ಕ ಕಿತ್ತುಕೊಳ್ಳುತ್ತಿದೆ. ನಮ್ಮೂರಲ್ಲಿ ಗಿಣಿ ನೋಡುವ ಡಾಕ್ಟರು ಇದ್ದಾರಾ?

ಬೀದರ್ ಹಾಸ್ಟೆಲ್
ಯಾವ ಗಿಣಿ? ಹಸಿರು ಮೈ, ಕೊರಳಲ್ಲಿ ಕೆಂಪು ಪಟ್ಟಿ ಇದ್ದರೆ ಅದನ್ನು ಮನೆಯಲ್ಲಿ ಸಾಕುವುದೇ ಅಪರಾಧ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972.

ಗಿಣಿ ಪಂಜರ
ಗಿಣಿ ನಮ್ಮದಲ್ಲ. ಗೆಳೆಯನದು. ಅವನೂ ಊರು ಬಿಟ್ಟಿದ್ದಾನೆ.

ಗುಮ್ಮಟದ ಪ್ರತಿಧ್ವನಿ
ಗಿಣಿ ಮಾತ್ರ “ನಾನು ಇಲ್ಲೇ ಇದೀನಿ” ಅಂತ ಕೂಗುತ್ತಿದೆಯಂತೆ.

ಗುಂಡನ ಮನೆ
ಅಪ್‌ಡೇಟ್ ಕೊಡುತ್ತೇನೆ. ನಿನ್ನೆ ಸಂಜೆ ಆ ಕ್ಲಿನಿಕ್ಕಿಗೆ ಹೋಗಿದ್ದೆ, ಜಗಳಕ್ಕೇ ಹೋಗಿದ್ದು. ಡಾಕ್ಟರು ಸಣ್ಣ ವಯಸ್ಸಿನವರು. ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದು ಕೇಳಿ ನನಗೆ ನಗು ಬಂತು. ಬೋರ್ಡ್ ಬರೆಸುವಾಗ ಪೇಂಟರ್ ಬೇರೆ ಊರಿನ ಒಂದು ದೊಡ್ಡ ಆಸ್ಪತ್ರೆಯ ಫೋಟೋ ಇಟ್ಟುಕೊಂಡು ಹಾಗೇ ಇಳಿಸಿದನಂತೆ, ಇವರು ತೆಗೆಸಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದಾರಂತೆ. ಎಕ್ಸ್‌ರೇ ಇಲ್ಲ. ಸ್ಕ್ಯಾನಿಂಗ್ ವಾರಕ್ಕೆ ಎರಡು ದಿನ. ನಾಯಿ ಬಿಟ್ಟುಹೋಗುವ ಜಾಗ ಅಂದರೆ ಅವರ ಮನೆಯ ಹಿತ್ತಲು.

ಗುಂಡನ ಕಿಡ್ನಿ ಲಿವರ್ ಹೇಗಿದೆ ಅಂತ ರಕ್ತ ತೆಗೆದುಕೊಂಡರು, ಬಿಸಿಲು ಹೊಡೆತದ ಮೇಲೆ ಒಮ್ಮೆ ನೋಡಬೇಕಂತೆ. ದುಡ್ಡು ಬೇಡ ಅಂದರು, ನಾನು ಕೊಟ್ಟೇ ಬಂದೆ. ನಾನು ಹೊರಡುವಾಗ ಕಾಂಪೌಂಡರ್ ಸ್ಟೂಲ್ ಹತ್ತಿ ‘24 ಗಂಟೆ’ ಮೇಲೆ ಬಿಳಿ ಹಾಳೆ ಅಂಟಿಸುತ್ತಿದ್ದ. ಅದರ ಮೇಲೆ ‘ಮುಂಜಾನೆ 10–2, ಸಂಜೆ 5–9’ ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರು, ಕೆಳಗೆ ಸರಕಾರಿ ದವಾಖಾನಿಗೆ ಹೋಗುವ ದಾರಿ, ಬಾಣದ ಗುರುತು ಹಾಕಿ.

ಬಿಳಿ ಕೋಟು
ನನ್ನ ಬೋರ್ಡನ್ನೂ ಇವತ್ತು ಮುಂಜಾನೆ ಹೊರಗೆ ನಿಂತು ಓದಿದೆ. ಎರಡು ಸಾಲು ಅಳಿಸಬೇಕು.

ಹಾಲಿನ ಲೆಕ್ಕ
‘ಎಮ್ಮೆ ನೋಡುವುದಿಲ್ಲ’ ಅಂತಲೂ ಬರೆಸಿರಿ, ಅಷ್ಟು ದೂರ ಎಮ್ಮೆ ಹೊಡೆದುಕೊಂಡು ಬರುವುದು ತಪ್ಪುತ್ತದೆ.

ಬಿಳಿ ಕೋಟು
ನಾನು ಎಮ್ಮೆ ನೋಡುತ್ತೇನೆ ಅಕ್ಕಾರ.

ಹಾಲಿನ ಲೆಕ್ಕ
ಬಾಗಲಕೋಟೆ ದೂರಾತು ಬಿಡ್ರಿ.

ಪೇಟೆ ಪೋರ
ಅಜ್ಜಿಗೆ ಮೊದಲ ಇಂಜೆಕ್ಷನ್ ಆಯಿತು. ನಾಯಿಗೂ ಆಯಿತು. ಅಜ್ಜಿ ನಾಯಿಯ ಕಾರ್ಡನ್ನೂ ತನ್ನ ಕಾರ್ಡನ್ನೂ ಒಂದೇ ಸಂಚಿಯಲ್ಲಿ ಇಟ್ಟುಕೊಂಡಿದ್ದಾಳೆ.

ಗುಂಡನ ಮನೆ
ರಾತ್ರಿ ಗಾಳಿ ಮಳೆಗೆ ಆ ಬಿಳಿ ಹಾಳೆ ಹಾರಿಹೋಗಿದೆ. ಮತ್ತೆ 24 ಗಂಟೆ ಸೇವೆ ಶುರುವಾಗಿದೆ. ಫೋನ್ ಮಾಡಿ ಹೇಳಿದ್ದೇನೆ, ಪೇಂಟರ್ ಸೋಮವಾರ ಬರುತ್ತಾನಂತೆ.

ಸುಮ್ನೆ ಓದುವವ
ಯಾವ ಸೋಮವಾರ ಅಂತ ಕೇಳಿದಿರಾ?